ಎಡಗಡೆ ಕುದುರೆಯ ಕೋವಿ

ಲಾರೆಲ್ ಲಿಕ್, ಪಶ್ಚಿಮ ವರ್ಜೀನಿಯಾ
ನವೆಂಬರ್ ೧೪, ೨೦೦೯

ಪ್ರೀತಿಯ ಶೆಲ್ಬಿ,

ನಾವಿಬ್ಬರೂ ಚೆನ್ನಾಗಿದ್ದೇವೆ. ನನ್ನ ಎಡ ಮಂಡಿಯೊಂದು ಮಾತ್ರ ಈ ಮಾತಿಗೆ ಒಪ್ಪುವುದಿಲ್ಲ, ಅದನ್ನು ಬಿಡು. ನೀನು ಕ್ಷೇಮವಾಗಿದ್ದೀಯೆಂದು ಕೇಳಿ ನಿಮ್ಮತ್ತೆಗೆ ಸಮಾಧಾನವಾಯಿತು. ಉತ್ತರ ಬರೆಯಲು ಇಷ್ಟು ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ.

ನಿನ್ನ ಪತ್ರ ಬಂದಾಗ ಹಿತ್ತಲಲ್ಲಿ ತಾಮ್ರದ ಹಂಡೆ ಇಟ್ಟು ಸೇಬು ಕುದಿಸುತ್ತಿದ್ದೆವು. ಕೈಯಾಡಿಸುವುದನ್ನು ಬಿಟ್ಟರೆ ತಳ ಹಿಡಿಯುತ್ತದೆ, ತಳ ಹಿಡಿದರೆ ವರ್ನಾ ನನ್ನನ್ನು ಹಿಡಿಯುತ್ತಾಳೆ. ಅದು ಮುಗಿಯಿತು ಎನ್ನುವಾಗ ಕೋಳಿಗೂಡಿನ ತಗಡು ಗಾಳಿಗೆ ಹಾರಿತು. ಆಮೇಲೆ ಸೌದೆ ಒಡೆಯುವುದು ಬಂತು. ಇವೆಲ್ಲ ನೆಪ ಎಂದು ನಿನಗೂ ಗೊತ್ತು, ನಿಮ್ಮತ್ತೆಗಂತೂ ಚೆನ್ನಾಗಿ ಗೊತ್ತು. ಮೊನ್ನೆ ನಾನು ಕಾಗದ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದಾಗ ಹಿಂದಿನಿಂದ ಬಂದು, "ಏನ್ ಹಾರ್ಲನ್, ಪೆನ್ನಲ್ಲಿ ಇಂಕ್ ಒಣಗೋಯ್ತಾ, ಇಲ್ಲ ನೀನೇ ಒಣಗೋದ್ಯಾ?" ಎಂದಳು.

ಮನೆಯಲ್ಲೇ ಕೂತು ಜೋಡಿಸಬಹುದಾದ, ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆಯ ಬಗೆಯ ಕೋವಿಯ ಕಿಟ್ ತರಿಸಬೇಕೆಂದಿದ್ದೀಯ, ಮೊದಲ ಸಲಕ್ಕೆ ಯಾವುದು ಒಳ್ಳೆಯದು ಎಂದು ಕೇಳಿದ್ದೀಯ. ಓದುತ್ತ ನನಗೆ ಎಷ್ಟು ಖುಷಿಯಾಯಿತೆಂದರೆ ಮಧ್ಯದಲ್ಲೇ ನಿಲ್ಲಿಸಿ ವರ್ನಾಗೆ, "ನೋಡಿದ್ಯಾ, ಹುಡುಗಿಗೆ ನಮ್ಮ ರೋಗ ಅಂಟ್ಕೊಂಡಿದೆ" ಎಂದೆ. ಕೊನೆಯ ಸಾಲಿಗೆ ಬಂದರೆ, 'ಕುದುರೆ ಎಡಗಡೆ ಇರುವ ಕೋವಿ ಸಿಗುತ್ತದೆಯೇ?' ಎಂದಿತ್ತು.

ಕೇಪಿನ ಮೇಲೆ ಬಡಿದು ಮದ್ದಿಗೆ ಕಿಡಿ ಹೊತ್ತಿಸುವ ಕುದುರೆ ಬಲಗೈಯವರ ಕೋವಿಗೆ ಬಲಗಡೆ ಇರುತ್ತದೆ, ಎಡಗೈಯವರದಕ್ಕೆ ಎಡಗಡೆ. ನೀನು ಬಲಗೈಯವಳು. ಮದುವೆಯಾದ ಹೊಸದರಲ್ಲಿ ನಮ್ಮ ಕೋವಿ ಕ್ಲಬ್ಬಿನ ಬಯಲಿನಲ್ಲಿ ಕರ್ಟಿಸ್ ನಿನಗೆ ಈಡು ಹೊಡೆಯುವುದನ್ನು ಕಲಿಸುವಾಗ ಪಕ್ಕದಲ್ಲೇ ನಿಂತು ಇಲ್ಲದ ಬುದ್ಧಿಯನ್ನೆಲ್ಲ ಹೇಳಿದವನು ನಾನು. ಅವನೂ ಬಲಗೈಯವನು. ಹಾಗಾದರೆ ಈ ಕೋವಿ ಯಾರ ಭುಜಕ್ಕೆ? ನೀನು ಬರೆದಿರಲಿಲ್ಲ, ಬರೆಯದಿದ್ದರೂ ಓದಿಕೊಂಡೆವು. ವರ್ನಾ ಸ್ವಲ್ಪ ಹೊತ್ತು ಮೇಜಿನ ಮೇಲಿನ ಬ್ರೆಡ್ಡಿನ ಪುಡಿಯನ್ನು ಅಂಗೈಯಲ್ಲಿ ಗುಡ್ಡೆ ಮಾಡುತ್ತಿದ್ದಳು. ಆಮೇಲೆ, "ಯಾರೋ ಎಡಚ ಸಿಕ್ಕಿದಾನೆ ಕಣೋ ಅವಳಿಗೆ. ಸಿಗ್ಲಿ ಬಿಡು. ಮೂವತ್ತನಾಲ್ಕು ಒಂದು ವಯಸ್ಸಾ ಒಬ್ಳೇ ಇರೋಕೆ?" ಎಂದು ಎದ್ದು ಹೋದಳು.

ಅವಳು ಹೇಳಿದ್ದು ಸರಿಯೇ. ಸೇತುವೆಯ ಮೇಲಿನ ಮಂಜುಗಡ್ಡೆಯಲ್ಲಿ ಕರ್ಟಿಸ್‌ನ ಗಾಡಿ ಜಾರಿ ಈ ಚಳಿಗಾಲಕ್ಕೆ ನಾಲ್ಕು ವರ್ಷ. ಅವನು ಹೋದ ಮೇಲೆ ನೀನು ಇಲ್ಲಿಯೇ ಇದ್ದು ನಮ್ಮಿಬ್ಬರನ್ನು ನೋಡಿಕೊಂಡೆ. ಚಾರ್ಲ್ಸ್‌ಟನ್ನಿಗೆ ಕೆಲಸಕ್ಕೆ ಹೋಗೆಂದು ಹಟಮಾಡಿ ಕಳಿಸಿದವರೇ ನಾವು. ಆದರೆ ಹೇಳಿಬಿಡುತ್ತೇನೆ, ನನಗೆ ಭಯವಾಯಿತು. ಮಗನೇ ಇಲ್ಲದ ಮೇಲೆ ಸೊಸೆಯನ್ನು ನಮ್ಮವಳು ಎಂದು ಹಿಡಿದಿಟ್ಟುಕೊಳ್ಳಲು ನಮ್ಮ ಕೈಯಲ್ಲಿ ಏನಿದೆ? ಈ ಪತ್ರಕ್ಕೆ ಉತ್ತರ ಕೊಟ್ಟರೆ ನಾನೇ ನಿನ್ನನ್ನು ಬಾಗಿಲ ತನಕ ಬಂದು ಬೀಳ್ಕೊಟ್ಟಂತಾಗುತ್ತದೆ ಅನ್ನಿಸಿತು. ಅದಕ್ಕೇ ಕೋಳಿಗೂಡನ್ನು ಅಷ್ಟು ದಿನ ರಿಪೇರಿ ಮಾಡಿದೆ.

ಇರಲಿ, ನೀನು ಕೇಳಿದ್ದು ಕೋವಿಯ ವಿಷಯ.

ಮೊದಲನೆಯದಾಗಿ, ಚಿತ್ರ ನೋಡಿ ಮರುಳಾಗಬೇಡ. ನಳಿಗೆಯ ತುದಿಯವರೆಗೂ ಮರ ಇರುವ, ಹಿತ್ತಾಳೆ ಕುಸುರಿಯ, ಅಲೆ ಅಲೆ ಗೆರೆಗಳಿರುವ ಮೇಪಲ್ ಮರದ ಉದ್ದ ಕೋವಿಗಳು ನೋಡಲು ರಾಜಕುಮಾರಿಯರು. ಆದರೆ ಆ ಮರ ತುದಿಯಲ್ಲಿ ರಟ್ಟಿನಷ್ಟು ತೆಳ್ಳಗಿರುತ್ತದೆ. ಉಳಿ ಸ್ವಲ್ಪ ಜಾರಿದರೆ ಮುಗಿಯಿತು. ನೀನು ಅರ್ಧ ಮರದ ಕೋವಿ ತಗೋ. ಸಾದಾ ವಾಲ್‌ನಟ್ ಮರ, ಕಾರ್ಖಾನೆಯಲ್ಲೇ ನಳಿಗೆಗೆ ತೋಡು ಕೊರೆದು ಕೊಟ್ಟಿರುವಂಥದ್ದು. ಚಕಮಕಿ ಕಲ್ಲಿನದು ಬೇಡ, ಅದಕ್ಕೆ ಪೂಸಿ ಹೊಡೆಯುತ್ತ ಅರ್ಧ ಆಯುಷ್ಯ ಕಳೆಯುತ್ತದೆ. ಕೇಪಿನದೇ ಇರಲಿ. ಬಣ್ಣ ಹಚ್ಚುವ ಮುಂಚೆ ಒದ್ದೆ ಬಟ್ಟೆಯಲ್ಲಿ ಮರವನ್ನು ಒರೆಸು, ಒಣಗಿದ ಮೇಲೆ ಸಣ್ಣ ನಾರು ಎದ್ದು ನಿಲ್ಲುತ್ತದೆ, ಅದನ್ನು ಉಜ್ಜಿ ತೆಗೆ. ಈ ಕೆಲಸ ತಪ್ಪಿಸಿದವರ ಕೋವಿ ಮೊದಲ ಮಳೆಗೆ ಗಡ್ಡ ಬಿಡುತ್ತದೆ.

ಲೋಹದ ತುಂಡು ಮರದಲ್ಲಿ ಸರಿಯಾಗಿ ಕೂರಬೇಕಾದರೆ ಅದಕ್ಕೆ ಬಣ್ಣ ಬಳಿದು ಒತ್ತಿ ನೋಡಬೇಕು. ಮರಕ್ಕೆ ಬಣ್ಣ ಹತ್ತಿದ ಕಡೆ ಮಾತ್ರ ಕೆರೆಯಬೇಕು. ಕರ್ಟಿಸ್ ಹೈಸ್ಕೂಲಿನಲ್ಲಿದ್ದಾಗ ತನ್ನ ಮೊದಲ ಕಿಟ್ಟನ್ನು ನಮ್ಮ ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡಿದ್ದ ಕಥೆ ನಿನಗೆ ಅವನು ಹೇಳಿರಬಹುದು, ಆದರೆ ಪೂರ್ತಿ ಹೇಳಿರಲಾರ. ಬಣ್ಣಕ್ಕೆ ಅವನು ಬಳಸಿದ್ದು ಅವರಮ್ಮನ ಲಿಪ್‌ಸ್ಟಿಕ್. ಭಾನುವಾರ ಚರ್ಚಿಗೆ ಹೊರಡುವಾಗ ವರ್ನಾ ಡಬ್ಬಿ ತೆಗೆದರೆ ಒಳಗೆ ಏನೂ ಇಲ್ಲ. "ಕರ್ಟಿಸ್! ನನ್ನ ತುಟಿಗೆ ಹಚ್ಚೋದನ್ನ ಆ ದರಿದ್ರ ಕೋವಿಗೆ ಹಚ್ಚಿದ್ಯಾ?" ಎಂದು ಕೂಗಿದಳು. ಅವನು ತಲೆಯೆತ್ತದೆ, "ಅಮ್ಮಾ, ನಿಂಗಿಂತ ಇದಕ್ಕೇ ಚೆನ್ನಾಗ್ ಒಪ್ಪುತ್ತೆ" ಎಂದ. ಬಿದ್ದ ಏಟಿನ ಸದ್ದು ನನಗೆ ಕೊಟ್ಟಿಗೆಗೆ ಕೇಳಿಸಿತು. ಆಮೇಲೆ ಚರ್ಚಿನಲ್ಲಿ ಪಕ್ಕದಲ್ಲಿ ಕೂತಿದ್ದವನ ಹತ್ತು ಬೆರಳೂ ಕೆಂಪು, ತಾಯಿಯ ತುಟಿ ಬಿಳಿ. ಪ್ರಾರ್ಥನೆಯ ಮಧ್ಯದಲ್ಲಿ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಆ ದಿನಗಳು ಎಷ್ಟು ಚೆನ್ನಾಗಿದ್ದವು ಶೆಲ್ಬಿ. ಮನೆ ತುಂಬ ಮರದ ಹೊಟ್ಟು, ಎಣ್ಣೆಯ ವಾಸನೆ, ಊಟಕ್ಕೆ ಜಾಗವಿಲ್ಲದೆ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಬೀನ್ಸು ತಿನ್ನುವುದು. ಈಗ ಮೇಜು ಚೊಕ್ಕಟವಾಗಿದೆ, ನನಗೆ ಅದನ್ನು ನೋಡಿದರೇ ಆಗುವುದಿಲ್ಲ.

ನಿನ್ನೆ ವೆಂಡೆಲ್‌ನ ಅಂಗಡಿಗೆ ಹೋಗಿದ್ದೆ. ದನದ ಹಿಂಡಿ ಮಾರುವುದರ ಜೊತೆಗೆ ಹಿಂದಿನ ಕೋಣೆಯಲ್ಲಿ ಕೋವಿಯ ಸಾಮಾನನ್ನೂ ಇಡುತ್ತಾನಲ್ಲ, ಅದೇ ವೆಂಡೆಲ್. ಹೊಟ್ಟೆ ಮೊದಲಿಗಿಂತ ಮುಂದೆ ಬಂದಿದೆ, ಬಾಯಿ ಇದ್ದಲ್ಲೇ ಇದೆ. ನಾನು ಎಡಗೈಯವರ ಕಿಟ್ ಕೇಳಿದೆ.

"ಎಡಗೈದಾ? ನಿಮ್ಮನೇಲಿ ಎಡಚ ಯಾರಪ್ಪಾ? ಇಳಿವಯಸ್ಸಲ್ಲಿ ಕೈ ಬದಲಾಯಿಸ್ತಿದೀಯಾ?"

"ನಿಂಗ್ಯಾಕೆ? ಇದೆಯೋ ಇಲ್ವೋ ಹೇಳು."

"ಎಡಗೈದು ತರಿಸ್ಬೇಕು, ಜನವರಿ ಆಗುತ್ತೆ. ಬಲಗೈದು ಇಲ್ಲೇ ಇದೆ, ಒಯ್ಯಿ. ಎಡಚರು ಅದ್ರಲ್ಲೇ ಹೇಗೋ ಸುಧಾರಿಸ್ಕೊಳ್ತಾರೆ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಎಡಗೈಯವನು ಬಲಗೈ ಕೋವಿಗೆ ಕೆನ್ನೆ ಕೊಟ್ಟರೆ ಕುದುರೆ ಅವನ ಮುಖದ ಕಡೆಗೇ ಇರುತ್ತದೆ. ಕೇಪು ಸಿಡಿದಾಗ ಅದರ ಚೂರು, ಕಿಡಿ ಎಲ್ಲ ಅತ್ತಲೇ.

"ಸುಧಾರಿಸ್ಕೊಳ್ಳೋದು ಅಂದ್ರೆ ಏನಯ್ಯಾ? ಕಣ್ಣಿಗೆ ಕಿಡಿ ಬಿದ್ರೆ ನೀನ್ ಕೊಡ್ತೀಯಾ ಇನ್ನೊಂದ್ ಕಣ್ಣು? ನಮ್ಮನೇ ಹುಡುಗನ ಮುಖ ಅದು!"

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ವೆಂಡೆಲ್ ಆರ್ಡರ್ ಪುಸ್ತಕವನ್ನು ಹತ್ತಿರ ಎಳೆದುಕೊಂಡ. ಆಮೇಲೆ ಮೆತ್ತಗೆ, "ಸರಿ ಹಾರ್ಲನ್, ಎಡಗೈದೇ ತರಿಸ್ತೀನಿ" ಎಂದ. ಹೊರಗೆ ಬಂದು ಗಾಡಿಯಲ್ಲಿ ಕೂತ ಮೇಲೆ ನಾನು ಏನು ಹೇಳಿದೆ ಎಂದು ನನಗೇ ಗೊತ್ತಾದದ್ದು. ಹೆಸರು ಗೊತ್ತಿಲ್ಲ, ಮುಖ ನೋಡಿಲ್ಲ. ಆದರೆ ಬಾಯಿಂದ ಬಂದ ಮಾತು ಸುಳ್ಳೆಂದು ಅನ್ನಿಸಲಿಲ್ಲ. ವಾಪಸು ಒಳಗೆ ಹೋಗಿ ತಿದ್ದಲೂ ಇಲ್ಲ.

ಮನೆಗೆ ಬಂದು ವರ್ನಾಗೆ ಹೇಳಿದೆ. ಅವಳು ಕಣ್ಣೊರೆಸಿಕೊಂಡು, "ಅಂತೂ ಬಾಯಿ ಬಿಟ್ಯಲ್ಲ, ಇನ್ನ ಕಾಗದ ಬರಿ" ಎಂದಳು. ಅದಕ್ಕೇ ಬೆಳಗಿನಿಂದ ಕೂತು ಬರೆಯುತ್ತಿದ್ದೇನೆ.

ಈಗ ನೀನು ಎರಡು ಕೆಲಸ ಮಾಡಬೇಕು. ಅವನ ಕೈಯ ಅಳತೆ ಕಳಿಸು. ಮೊಣಕೈ ಮಡಿಸಿ, ಒಳಮಡಿಕೆಯಿಂದ ಟ್ರಿಗರ್ ಎಳೆಯುವ ಬೆರಳಿನ ತುದಿಯ ಗೆಣ್ಣಿನವರೆಗೆ. ಹಿಡಿಯ ಉದ್ದ ಅದಕ್ಕೆ ತಕ್ಕಂತೆ ಕತ್ತರಿಸಬೇಕು. ಕತ್ತರಿಸುವ ಮುಂಚೆ ನನಗೆ ತೋರಿಸು, ಚಿಕ್ಕದಾದರೆ ಮರವನ್ನು ಎಳೆದು ಉದ್ದ ಮಾಡಲು ಯಾರಿಂದಲೂ ಆಗುವುದಿಲ್ಲ. ಎರಡನೆಯದು, ಅವನ ಹೆಸರು ಬರೆ. ಎಷ್ಟು ದಿನ ಅಂತ ಎಡಚ ಎಡಚ ಎಂದು ಕರೆಯುವುದು? ಹೆಸರು ಕೇಳಲು ನಿಮ್ಮತ್ತೆಯೂ ತುದಿಗಾಲಲ್ಲಿ ನಿಂತಿದ್ದಾಳೆ. ಮನಸ್ಸಿಗೆ ಬಂದರೆ ಕಿಟ್ ಬಂದ ಮೇಲೆ ಇಬ್ಬರೂ ಇಲ್ಲಿಗೇ ಬನ್ನಿ. ಅಡುಗೆಮನೆಯ ಮೇಜು ಖಾಲಿ ಇದೆ. ಲಿಪ್‌ಸ್ಟಿಕ್ ಮಾತ್ರ ನೀನೇ ತಾ.

ನೀನು ಹಿಡಿದ ಕೆಲಸ ಕೈಗೂಡಲಿ. ನಿನ್ನ ಮನೆಯಲ್ಲಿ ಮತ್ತೆ ನಗು ಕೇಳಿಸಲಿ. ಅವನಿಗೂ ನಮ್ಮ ಆಶೀರ್ವಾದ ತಿಳಿಸು.

ಇಂತು ನಿನ್ನ,
ಹಾರ್ಲನ್ ಟ್ಯಾಕೆಟ್

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಮದುವೆಯ ದಿನದಿಂದ ನೀನು ನನ್ನನ್ನು ಅಪ್ಪ ಎಂದೇ ಕರೆದವಳು. ಕರ್ಟಿಸ್‌ನನ್ನು ಮಣ್ಣಿಗಿಟ್ಟ ದಿನವೂ ಹಾಗೇ ಕರೆದೆ. ಈ ಸಲದ ಪತ್ರದ ಮೊದಲ ಸಾಲಿನಲ್ಲಿ 'ಶ್ರೀಯುತ ಟ್ಯಾಕೆಟ್ ಅವರಿಗೆ' ಎಂದಿದೆ. ಏನೋ ಸಂಕೋಚಕ್ಕೆ ಬರೆದಿರುತ್ತೀ, ಗೊತ್ತು. ಎಡಗಡೆ ಕುದುರೆಯನ್ನು ಒಂದು ವಾರದಲ್ಲಿ ನುಂಗಿಕೊಂಡೆ ಮಗಳೇ, ಈ ಸಾಲನ್ನು ಇನ್ನೂ ಆಗಿಲ್ಲ. ಬಂದ ಕಾಗದವನ್ನು ಊಟದ ಹೊತ್ತಿಗೆ ನಾನು ಗಟ್ಟಿಯಾಗಿ ಓದಿ ಹೇಳುವುದು ನಮ್ಮ ಮನೆಯ ರೂಢಿ, ನಿನಗೆ ಗೊತ್ತಲ್ಲ. ವರ್ನಾಗೆ ನಾನು 'ಪ್ರೀತಿಯ ಅಪ್ಪ ಅಮ್ಮನಿಗೆ' ಎಂದೇ ಓದಿದೆ. ಪತ್ರವನ್ನು ಅವಳ ಕೈಗೆ ಇನ್ನೂ ಕೊಟ್ಟಿಲ್ಲ.