ಜೊತೆವರ್ಷವಿಲ್ಲದವಳ ಪ್ರಶ್ನೆ

ಕಾರವಾರ, ಫೆಬ್ರವರಿ ಮೂವತ್ತು, ೨೨೧೭

ಅಜ್ಜಿಗೆ ಶೇವಂತಿಯ ನಮಸ್ಕಾರ.

ಫೆಬ್ರವರಿಗೆ ಮೂವತ್ತು ದಿನ ಹೇಗೆ ಬಂತೆಂದು ಕೇಳಬೇಡಿ, ನನಗೂ ಸರಿಯಾಗಿ ಗೊತ್ತಿಲ್ಲ. ಇನ್ನೂರು ವರ್ಷ ಹಿಂದಕ್ಕೆ ಬರೆದ ಈ ಪತ್ರ ಕೈಸೇರುವಾಗ ನಿಮಗೆ ಮೂವತ್ತು ದಾಟಿರಲಿಕ್ಕಿಲ್ಲ. ನಾನೇ ನಿಮಗಿಂತ ದೊಡ್ಡವಳು. ಆದರೂ ಏಳು ತಲೆಮಾರು ಹಿಂದಿನವರನ್ನು ಅಜ್ಜಿ ಎನ್ನದೆ ಏನೆನ್ನಲಿ? ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ.

ನಾನು ದುಡಿಯುವ ಸಿಹಿನೀರಿನ ಕಾರ್ಖಾನೆ ಮುಚ್ಚುತ್ತಿದೆ. ಸಮುದ್ರಬಾಗಿಲಿನಲ್ಲಿ ಕೆಲಸ ಸಿಗದಿದ್ದರೆ ಕಾರವಾರ ಬಿಡಬೇಕು. ಸಮುದ್ರಬಾಗಿಲೆಂದರೆ ನೀರು ಏರಿದಾಗ ಊರನ್ನು ಕಾಯುವ ಕದ. ಅದನ್ನು ಮುಚ್ಚುವ ಮೊದಲು ನಡೆಯಲಾಗದವರನ್ನೆಲ್ಲ ಎತ್ತಿ ಒಳಗೆ ತರಬೇಕು. ಅದಕ್ಕೇ ಸಂದರ್ಶನದಲ್ಲಿ ಮೊದಲು ಕೇಳುವುದು ‘ಜೊತೆವರ್ಷ’, ಅಂದರೆ ಕೆಲಸ ಬಿಟ್ಟು ಯಾರದಾದರೂ ಆರೈಕೆಯಲ್ಲಿ ಕಳೆದ ಕಾಲ. ನಾನು ಒಂದು ದಿನವೂ ತಪ್ಪದೆ ದುಡಿದವಳು. ಅರ್ಜಿಯಲ್ಲಿ ಆ ಜಾಗ ಬಿಕೋ ಎನ್ನುತ್ತಿತ್ತು.

ಹಾಸಿಗೆ ಹಿಡಿದಿರುವ ನಮ್ಮ ಸೋದರತ್ತೆ ಬುಧವಂತಿಯನ್ನು ಎರಡು ವರ್ಷ ನೋಡಿಕೊಂಡೆ ಎಂದುಬಿಡು, ಯಾರು ಬಂದು ನೋಡುತ್ತಾರೆ ಎಂದ ಭಾವ ಗಣಪು. ಜೊತೆಗೆ ನಿಮ್ಮ ಕಥೆಯನ್ನೇ ಎತ್ತಿದ. ಅಪ್ಪನ ಆರೈಕೆಗೆಂದು ಮೂರು ವರ್ಷ ಮನೆಯಲ್ಲಿದ್ದ ನೀವು, ಬಟ್ಟೆ ವ್ಯಾಪಾರ ಮಾಡುತ್ತಿದ್ದೆ ಎಂದು ಸಂದರ್ಶನದಲ್ಲಿ ಗತ್ತಿನಿಂದ ಹೇಳಿ ಕೆಲಸ ಗಿಟ್ಟಿಸಿದಿರಂತೆ. ನಮ್ಮ ಮನೆಯಲ್ಲಿ ಇದನ್ನು ಇಂದಿಗೂ ಹೊಟ್ಟೆ ಹುಣ್ಣಾಗುವಂತೆ ನಗುತ್ತ ಹೇಳುತ್ತಾರೆ. ನನಗೆ ಮಾತ್ರ ತಲೆಬುಡ ಅರ್ಥವಾಗುವುದಿಲ್ಲ. ನಾನು ಇಲ್ಲದ್ದನ್ನು ಹುಟ್ಟಿಸಲು ಒದ್ದಾಡುತ್ತಿದ್ದೇನೆ. ನೀವು ಇದ್ದದ್ದನ್ನೇ ಯಾಕೆ ಮುಚ್ಚಿಟ್ಟಿರಿ? ಅದು ನಾಚಿಕೆಯ ವಿಷಯವಾಗಿತ್ತೇ?

ಮೊನ್ನೆ ಸಂದರ್ಶನದಲ್ಲಿ ಬಾಗಿಲಿನ ಮುಖ್ಯಸ್ಥೆ ಹೊನ್ನಮ್ಮ ಕೇಳಿದಾಗ ಭಾವ ಕಲಿಸಿದ್ದು ನಾಲಿಗೆಯ ತುದಿಗೇ ಬಂತು. ಹೇಳಲಾಗಲಿಲ್ಲ. "ನನ್ನ ಯಾರೂ ಕರೀಲಿಲ್ಲ, ನಾನೂ ಹೋಗ್ಲಿಲ್ಲ" ಅಂದೆ. ನಾಚಿಕೆಯಿಂದ ಭೂಮಿಗಿಳಿದುಹೋದೆ. ಇನ್ನೇನು ಎದ್ದು ಹೋಗೆನ್ನುತ್ತಾರೆ ಎಂದುಕೊಂಡರೆ, ನಿನ್ನವರು ಯಾರಿದ್ದಾರೆ ಎಂದು ವಿಚಾರಿಸಿದರು. ಅತ್ತೆಯ ಹೆಸರು ಹೇಳಿದೆ.

"ಹಂಗಾರೆ ಮಳೆಗಾಲ ಮುಗಿಯೂವರೆಗೆ ಅವ್ರ ಹತ್ರ ಇದ್ದು ಬಾ. ಕೆಲ್ಸ ಎಲ್ಲೂ ಓಡಿ ಹೋಗೂದಿಲ್ಲ" ಎಂದರು ಹೊನ್ನಮ್ಮ.

ಹಾಗೆಂದರೆ ಕೆಲಸ ಸಿಕ್ಕಿತೋ ಇಲ್ಲವೋ, ಅದೂ ತಿಳಿಯಲಿಲ್ಲ. ನಾಳೆ ಅತ್ತೆಯ ಮನೆಗೆ ಹೊರಟಿದ್ದೇನೆ. ಕಾರ್ಖಾನೆಯ ಕೊಳವೆ ಕಟ್ಟಿಕೊಂಡರೆ ಬಿಡಿಸಲು ನನಗೆ ಬರುತ್ತದೆ. ಮಲಗಿದವರನ್ನು ನೋಯಿಸದೆ ಮಗ್ಗುಲು ಬದಲಿಸುವುದು ಹೇಗೆ? ಊಟ ಬೇಡವೆಂದು ಅವರು ಮುಖ ತಿರುಗಿಸಿದರೆ ಏನು ಮಾಡಲಿ? ಮನೆಯಲ್ಲಿ ಯಾರನ್ನು ಕೇಳಿದರೂ ನಿಮ್ಮ ಬಟ್ಟೆ ವ್ಯಾಪಾರದ ಸುದ್ದಿಯಷ್ಟೇ ಗೊತ್ತು.

ನಿಮ್ಮ ಸಂದರ್ಶನ ಇನ್ನೂ ಆಗಿಲ್ಲದಿದ್ದರೆ, ಕೈಮುಗಿದು ಕೇಳುತ್ತೇನೆ, ಆ ಮೂರು ವರ್ಷ ಅಪ್ಪನ ಪಕ್ಕದಲ್ಲಿ ಏನೇನು ಮಾಡಿದಿರೆಂದು ಬಾಯಿಬಿಟ್ಟು ಹೇಳಿ. ಅವರು ಕೆಲಸ ಕೊಡುತ್ತಾರೆಂದು ನಾನು ಮಾತು ಕೊಡಲಾರೆ. ಆದರೆ ಆ ಮಾತೂ ಮನೆಯಲ್ಲಿ ಉಳಿದು ನನ್ನವರೆಗೆ ಬಂದೀತು, ನನಗಂತೂ ಅದು ಬೇಕಾಗಿದೆ.

ನಿಮ್ಮ,
ಶೇವಂತಿ ಹರಿಕಂತ್ರ