ಗೋಡೆಯಾಚೆಯ ಫಕೀರವ್ವ

ಬೆಟಗೇರಿ
ಫೆಬ್ರವರಿ 30, 2098

…‘ಬರೇ ತಂತಿ ಎಳದರ ಸಾಲಂಗಿಲ್ಲ, ಎರಡೂ ಕಡೆ ಬಾಗಲಾ ತಗೀಬೇಕು’ ಎಂದೋ ಏನೋ ನೀವು ಹೇಳುತ್ತಿದ್ದಿರಂತೆ, ಆಯಿ. ಅವ್ವನಿಗೆ ಪೂರ್ತಿ ನೆನಪಿಲ್ಲ. ಮೇಲಿನ ತಾರೀಖು ಕಂಡು ಗಾಬರಿಯಾಗಬೇಡಿ. ಫೆಬ್ರವರಿಗೆ ಈಗ ಮೂವತ್ತು ದಿನ ಕೊಟ್ಟಿದ್ದಾರೆ, ಯಾವ ತಿಂಗಳಿಂದ ಕಿತ್ತುಕೊಂಡರೆಂದು ಕೇಳಿದವರಿಲ್ಲ. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ನಿಮ್ಮ ಮೊಮ್ಮಗಳು ಈರಮ್ಮನ ಮಗ. ನೀವು ಪಡಸಾಲೆಯಲ್ಲಿ ಕೂತು ಮದುವೆ ಕಾರ್ಡು ಜೋಡಿಸುತ್ತಿದ್ದ ಎರಡು ಕಂಪ್ಯೂಟರುಗಳ ವಿಷಯ ಬರೆಯುತ್ತಿದ್ದೇನೆ. ಎರಡಕ್ಕೂ ಒಂದೇ ಪ್ರಿಂಟರು ಸಾಕಾಗಲೆಂದು ನೀವು ಅವುಗಳ ನಡುವೆ ತಂತಿ ಎಳೆದಿದ್ದಿರಿ.

ನಿಮ್ಮ ನಂತರ ಮನೆ ಪಾಲಾಯಿತು. ಪಡಸಾಲೆಯ ನಡುವೆ ಗೋಡೆ ಎದ್ದಿತು. ಒಂದು ಕಂಪ್ಯೂಟರು ಅವ್ವನಿಗೆ, ಇನ್ನೊಂದು ಅವ್ವನ ಅಕ್ಕ ಶಿವಕ್ಕನಿಗೆ, ಅಂದರೆ ನನ್ನ ದೊಡ್ಡವ್ವನಿಗೆ ಬಂತು. ಅಂದಿನಿಂದ ಅವರಿಬ್ಬರ ನಡುವೆ ಬಾಯಿಮಾತಿಲ್ಲ. ಹಬ್ಬಕ್ಕೆ, ಕಾಯಿಲೆಗೆ ‘ಪೂರಕ’ದ ಮೂಲಕ ಎರಡು ಸಾಲು ಹೋಗಿಬರುತ್ತವೆ. ಪೂರಕವೆಂದರೆ ನಮ್ಮ ಎಲ್ಲ ಸಂದೇಶಗಳೂ ಹಾದುಹೋಗುವ ಒಂದು ಏರ್ಪಾಡು. ಅದು ನಮ್ಮ ಮಾತನ್ನು ತಿದ್ದಿ, ನಯಮಾಡಿ ತಲುಪಿಸುತ್ತದೆ. ಅವ್ವ ಬೈದು ಕಳಿಸಿದರೆ ಆಚೆ ಆಶೀರ್ವಾದ ಬೇಡಿದಂತೆ ಕೇಳುತ್ತದೆ. ಜಗಳ ಹೀಗೆ ಎಷ್ಟೋ ವರ್ಷ ಬಹಳ ಸಭ್ಯವಾಗಿ ನಡೆಯಿತು. ಅಕ್ಕನಿಂದ ಬಂದ ಒಂದು ಮಾತನ್ನೂ ಅವ್ವ ನಂಬದ ಸ್ಥಿತಿಗೆ ಬಂದಳು.

ಕಳೆದ ತಿಂಗಳು ದೊಡ್ಡವ್ವ ಹಾಸಿಗೆ ಹಿಡಿದಳು. ‘ಆಕಿ ಖರೇ ಏನಂದಳು ಅನ್ನೂದು ಒಂದ್ಸಲ ಕೇಳಬೇಕು, ಆಕಿ ಹೋಗೂದರೊಳಗ’ ಎಂದಳು ಅವ್ವ. ಗೋಡೆ ದಾಟಿ ಹೋಗಲು ಮಾತ್ರ ಒಪ್ಪಲಿಲ್ಲ. ಆಗ ನನಗೆ ನಿಮ್ಮ ತಂತಿ ಹೊಳೆಯಿತು. ಪೂರಕಕ್ಕೆ ಗೊತ್ತಿರದ ದಾರಿ ಅದೊಂದೇ.

ಯಂತ್ರಗಳನ್ನು ಎಬ್ಬಿಸುವುದು ಸುಲಭವಿರಲಿಲ್ಲ. ಒಳಗಿನ ಅರ್ಧ ಭಾಗ ಬದಲಾಯಿಸಿದೆ. ಗೋಡೆಗೆ ಬೆರಳು ತೂರುವಷ್ಟು ತೂತು ಕೊರೆದು ತಂತಿ ದಾಟಿಸಿದೆ. ಪ್ರತಿ ಯಂತ್ರವೂ ತನಗೊಂದು ಹೆಸರು ಕೇಳಿತು. ಆಯಾ ಯಂತ್ರದ ಒಡತಿಯೇ ಹೆಸರಿಡಲೆಂದು ಬಿಟ್ಟೆ. ಎರಡೂ ಚಾಲೂ ಆದ ಕೂಡಲೇ ಪರದೆಯ ಮೇಲೆ ತಕರಾರು ಮೂಡಿತು: ಈ ಹೆಸರಿನವರು ಆಗಲೇ ಇದ್ದಾರೆ.

ಇಬ್ಬರೂ ನಿಮ್ಮ ಹೆಸರನ್ನೇ, ಫಕೀರವ್ವ ಎಂದು ಬರೆದಿದ್ದರು.

ಬದುಕಿರುವ ಹಿರಿಯರ ಹೆಸರನ್ನು ನಮ್ಮ ಮನೆಯಲ್ಲಿ ಮಕ್ಕಳಿಗೆ ಇಡುವುದಿಲ್ಲವಷ್ಟೆ. ನೀವು ತೊಂಬತ್ತು ದಾಟಿ ಬದುಕಿದಿರಿ. ಮೊಮ್ಮಕ್ಕಳಿಬ್ಬರಿಗೂ ನಿಮ್ಮ ಹೆಸರು ದಕ್ಕಲಿಲ್ಲ. ಆ ಆಸೆ ಇಷ್ಟು ವರ್ಷ ಇಬ್ಬರೊಳಗೂ ಕೂತಿತ್ತೆಂದು ನನಗೆ ತಿಳಿದದ್ದು ಆಗಲೇ.

‘ನಿಮ್ಮವ್ವಗ ಹೇಳು, ದೊಡ್ಡಾಕಿ ನಾ, ಹೆಸರು ನಂದು’ ಎಂದಳು ದೊಡ್ಡವ್ವ, ಮಲಗಿದಲ್ಲಿಂದಲೇ.

‘ದೊಡ್ಡಾಕಿ ಊಟದಾಗ. ಆಯಿ ಕಾಲು ಒತ್ತಿದಾಕಿ ಯಾರಂತ ಕೇಳು’ ಎಂದಳು ಅವ್ವ.

ಎರಡು ದಿನ ಇಬ್ಬರ ಮಾತು ಹೊತ್ತು ಗೋಡೆಯ ಆಚೆ ಈಚೆ ಓಡಾಡಿದೆ. ಮೂರನೆಯ ದಿನ, ಅಕ್ಕ ಗಂಜಿಯನ್ನೂ ಬಿಟ್ಟಳೆಂದು ಕೇಳಿದ ಮೇಲೆ, ಅವ್ವ ಹೇಳಿದಳು: ‘ಆಕಿಗೂ ಬ್ಯಾಡ, ನನಗೂ ಬ್ಯಾಡ. ಇಬ್ಬರಿಗೂ ಕೂಡೇ ಇಡಾಕ ಬರತೈತೇನು?’

ಬರುತ್ತಿತ್ತು. ಯಂತ್ರಗಳ ಹೆಸರು ಬೇರೆ ಬೇರೆ ಇರಬೇಕು. ಅವು ಸೇರಿದ ಗುಂಪಿಗೆ ಒಂದೇ ಹೆಸರಿರಬೇಕು. ಆ ಜಾಗ ಖಾಲಿಯಿತ್ತು. ಅಲ್ಲಿ ನಿಮ್ಮ ಹೆಸರು ಬರೆದೆ. ಯಂತ್ರಗಳಿಗೆ ಅಕ್ಕ ತಂಗಿ ಚಿಕ್ಕಂದಿನಲ್ಲಿ ಪರಸ್ಪರ ಕರೆದುಕೊಳ್ಳುತ್ತಿದ್ದ ಹೆಸರಿಟ್ಟೆವು: ಆಚೆ ‘ಹಂಡೆ’, ಈಚೆ ‘ಕಡ್ಡಿ’.

ಮೊದಲ ಸಾಲು ಆಚೆಯಿಂದ ಬಂತು. ‘ಕಡ್ಡಿ, ಉಂಡೇನ?’

ಅವ್ವ ಮುಂದಿನ ನಯವಾದ ಮಾತುಗಳಿಗೆ ಕಾದಳು. ಅವು ಬರಲಿಲ್ಲ. ಅಷ್ಟೇ ಇತ್ತು. ಸೆರಗಿನಿಂದ ಪರದೆ ಒರೆಸಿದಳು, ಆಮೇಲೆ ಕಣ್ಣು. ಒಂದೊಂದೇ ಅಕ್ಷರ ಹುಡುಕಿ ಬರೆದಳು: ‘ನೀ ಮೊದಲು ಗಂಜಿ ಕುಡಿ. ಸತ್ತಗಿತ್ತೀಯ, ಜಗಳ ಬಾಕಿ ಐತಿ.’

ಗೋಡೆಯಾಚೆ ಕೆಮ್ಮೋ ನಗುವೋ ಕೇಳಿಸಿತು. ನಂತರ ಬಟ್ಟಲಿನಲ್ಲಿ ಚಮಚ ತಿರುವುವ ಸದ್ದು.

ನಿಮ್ಮ ಹೆಸರಿನ ಯಂತ್ರ ಈಗ ಮನೆಯಲ್ಲಿ ಒಂದೂ ಇಲ್ಲ. ಬೇಸರವಾಯಿತೇ, ಆಯಿ?