ಶಹನಾಳಿಗೆ ಹೇಳದೆ ಉಳಿದದ್ದು

ಅಲ್ ಮಬೇಲಾ
14 ಜನವರಿ 2025

ನನ್ನ ಶಹನಾ,

ಅಸ್ಸಲಾಮು ಅಲೈಕುಂ. ನೀನು ನನ್ನ ನಂಬರ್ ಬ್ಲಾಕ್ ಮಾಡಿ ಇಂದಿಗೆ ಹತ್ತೊಂಬತ್ತು ದಿನ. ಅಜ್ಜಿಯ ಫೋನಿಗೆ ಮಾಡಿದರೆ ನೀನು ಎದ್ದು ಹೋಗುವ ಸದ್ದು ಕೇಳುತ್ತದೆ. ಅದಕ್ಕೇ ಊರಿಗೆ ಹೊರಟ ಲವಿಟಾ ಆಂಟಿಯ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ನಿನಗೆ ಕನ್ನಡ ಓದುವುದು ನಿಧಾನ, ಗೊತ್ತು. ನಿಧಾನವಾಗಿಯೇ ಓದು. ಬೇರೆ ಯಾರಿಂದಲೂ ಓದಿಸಬೇಡ, ಅಜ್ಜಿಯ ಎದುರು ಜೋರಾಗಿ ಓದಲೂ ಬೇಡ.

ನಿನ್ನ ಕೊನೆಯ ಮೆಸೇಜನ್ನು ನಾನು ಅಳಿಸಿಲ್ಲ. ನನ್ನ ಉಪ್ಪನನ್ನು ಕೊಂದವನನ್ನೇ ಮದುವೆಯಾಗುತ್ತೀಯಾ ಎಂದು ನೀನು ಇಂಗ್ಲಿಷಿನಲ್ಲಿ ಕೇಳಿದ್ದೆ. ನಿನ್ನ ಮೇಲೆ ಸಿಟ್ಟಿಲ್ಲ. ‘ಕೊಂದವನು’ ಎಂಬ ಆ ಮಾತನ್ನು ನಿನಗೆ ಕಲಿಸಿದವಳು ನಾನೇ. ನಿನಗಾಗ ಹನ್ನೆರಡು ವರ್ಷ.

ಸೊಹಾರ್‌ನಿಂದ ಒಳಗೆ ಗುಡ್ಡದ ಬುಡದಲ್ಲಿದ್ದ ಆ ಫಾರ್ಮ್ ನಿನಗೆ ನೆನಪಿರಬೇಕು. ನಿನ್ನ ಉಪ್ಪ ಶಹೀದ್‌ಗೆ ಆಡು, ಒಂಟೆಗಳ ಮೇವಿನ ಉಸ್ತುವಾರಿ. ಇದಿನಬ್ಬ ಪಿಕಪ್ ಓಡಿಸುವವರು. ಗೋಡೆಯ ಈಚೆ ನಾವು, ಆಚೆ ಅವರು. ಅವರ ಹೆಂಡತಿ ಝುಬೈದಾ ಮತ್ತು ನಾನು ಒಂದೇ ಒಲೆಯಲ್ಲಿ ಅಕ್ಕಿರೊಟ್ಟಿ ಸುಡುತ್ತಿದ್ದೆವು. ಅವಳಿಗೆ ಏಳು ತಿಂಗಳಾಗಿತ್ತು. ಆ ದಿನ ಸಂಜೆಯ ಅಸರ್ ನಮಾಝ್ ಮುಗಿದ ಹೊತ್ತಿಗೆ ಅವಳಿಗೆ ರಕ್ತ ಹೋಗಲು ಶುರುವಾಯಿತು. ನಾನು ನಿನ್ನನ್ನೂ ಅವರ ಮಗಳು ಅಫೀಫಾಳನ್ನೂ ಹಿಡಿದುಕೊಂಡು ನಿಂತಿದ್ದೆ. ಉಪ್ಪ ಮತ್ತು ಇದಿನಬ್ಬ ಅವಳನ್ನು ಪಿಕಪ್‌ನಲ್ಲಿ ಮಲಗಿಸಿ ಆಸ್ಪತ್ರೆಗೆ ಹೊರಟರು. ದಾರಿಯಲ್ಲಿ ಮರಳುಗಾಳಿ. ಒಂದು ಒಂಟೆ ಅಡ್ಡ ಬಂತು. ಉಪ್ಪನೂ ಝುಬೈದಾಳೂ ಅಲ್ಲೇ ಹೋದರು. ಇದಿನಬ್ಬರ ಒಂದು ಕೈ ಮುರಿದಿತ್ತು, ಅಷ್ಟೇ.

ಪೊಲೀಸರು ಕೇಳಿದಾಗ ಗಾಡಿ ಓಡಿಸಿದ್ದು ನಾನೇ ಎಂದು ಇದಿನಬ್ಬ ಹೇಳಿದರು. ಹತ್ತು ತಿಂಗಳು ಜೈಲಾಯಿತು.

ಅವರನ್ನು ಕರೆದೊಯ್ದ ದಿನ ಅಫೀಫಾ ನಮ್ಮ ಬಾಗಿಲಿಗೆ ಬಂದು ನಿಂತಿದ್ದಳು. ನಾಲ್ಕು ವರ್ಷದ ಮಗು. ಒಂದು ಕಾಲಿಗೆ ಮಾತ್ರ ಚಪ್ಪಲಿ. ನಿನ್ನಪ್ಪನೇ ನನ್ನ ಮನೆ ಹಾಳು ಮಾಡಿದ್ದು ಎಂದು ಬೈದು ಬಾಗಿಲು ಹಾಕಿಕೊಂಡೆ. ಅವಳು ತುಂಬಾ ಹೊತ್ತು ಅಳುತ್ತಿದ್ದಳು. ನೀನು ತೆರೆಯಲು ಹೋದಾಗ ನಿನ್ನ ಕೈ ಹಿಡಿದೆಳೆದೆ. ಕೊನೆಗೆ ಆಸ್ಪತ್ರೆಯ ನರ್ಸ್ ಲವಿಟಾ ಆಂಟಿ ಬಂದು ಅವಳನ್ನು ಕರೆದೊಯ್ದು ಆ ಹತ್ತು ತಿಂಗಳೂ ಸಾಕಿದರು.

ಆಮೇಲಿನದು ನಿನಗೆ ಗೊತ್ತು. ನಾವಿಬ್ಬರೂ ನನ್ನ ಒಡಹುಟ್ಟಿದ ಬಾವ ಮಾಮನ ಹತ್ತಿರ ಇಲ್ಲಿಗೆ ಬಂದೆವು. ನಾನು ಅವನ ಅಂಗಡಿಯಲ್ಲಿ ಅಬಾಯ ಹೊಲಿಯತೊಡಗಿದೆ. ನೀನು ಸೀಬ್‌ನ ಸ್ಕೂಲಿಗೆ ಸೇರಿದೆ.

ನಿನಗೆ ಗೊತ್ತಿಲ್ಲದ್ದನ್ನು ಈಗ ಬರೆಯುತ್ತೇನೆ. ನೀನು ಓದಲೆಂದು ಊರಿಗೆ ಅಜ್ಜಿಯ ಹತ್ತಿರ ಹೋದ ಮೇಲೆ, ಉಪ್ಪನ ಟ್ರಂಕ್ ತರಲೆಂದು ಫಾರ್ಮಿಗೆ ಹೋಗಿದ್ದೆ. ಜೈಲು ಮುಗಿಸಿ ಮತ್ತೆ ಅಲ್ಲೇ ಕೆಲಸಕ್ಕಿದ್ದ ಇದಿನಬ್ಬ ಒಂದು ಕುಂಟು ಆಡಿನ ಕಾಲಿಗೆ ಪಟ್ಟಿ ಕಟ್ಟುತ್ತಿದ್ದರು. ನಾನು ಮುಖ ತಿರುಗಿಸಿದೆ. ಫಾರ್ಮಿನ ಮಾಲೀಕ ಕಫೀಲ್ ಸಾಲಿಂ ಅದನ್ನು ನೋಡಿದರು. ಆ ಮುದುಕ ನನ್ನನ್ನು ಬದಿಗೆ ಕರೆದು ಅರ್ಧ ಅರಬ್ಬಿ ಅರ್ಧ ಹಿಂದಿಯಲ್ಲಿ ಹೇಳಿದರು: ಅಪಘಾತದ ಜಾಗಕ್ಕೆ ಮೊದಲು ಬಂದವನು ನಾನು. ಸ್ಟೇರಿಂಗ್ ಹಿಂದಿನಿಂದ ನಾನು ಎಳೆದು ಹೊರಗೆ ಹಾಕಿದ್ದು ಶಹೀದ್‌ನನ್ನು. ಖಲಾಸ್, ಇನ್ನು ನನ್ನ ಹೊಟ್ಟೆಯಲ್ಲಿ ಇದನ್ನು ಇಟ್ಟುಕೊಳ್ಳಲಾರೆ.

ಹೌದು ಮಗಳೇ. ಓಡಿಸಿದ್ದು ಉಪ್ಪ. ಉಪ್ಪನಿಗೆ ಇಲ್ಲಿನ ಲೈಸೆನ್ಸ್ ಇರಲಿಲ್ಲ.

ನಾನು ನೇರ ಇದಿನಬ್ಬರ ಹತ್ತಿರ ಹೋಗಿ ಯಾಕೆ ಸುಳ್ಳು ಹೇಳಿದಿರಿ ಎಂದು ಕೇಳಿದೆ. ಅವರು ಆಡನ್ನು ಬಿಡದೆ ತಲೆ ತಗ್ಗಿಸಿಯೇ ಮಾತಾಡಿದರು. ‘ಝುಬೈದಾಳ ತಲೆ ನನ್ನ ಮಡಿಲಲ್ಲಿತ್ತು. ನನ್ನನ್ನು ಬಿಡಬೇಡಿ ಅಂತ ಅಂಗಿ ಹಿಡಿದಿದ್ದಳು. ಅದಕ್ಕೇ ಶಹೀದ್ ಕೀ ತಗೊಂಡ. ನನ್ನ ಹೆಂಡತಿಗಾಗಿ ಸತ್ತವನ ಹೆಸರು ಪೊಲೀಸರ ಕಾಗದದಲ್ಲಿ ತಪ್ಪಿತಸ್ಥ ಅಂತ ಬರುವುದು ನನಗೆ ಬೇಡವಾಗಿತ್ತು. ಅವನಿಗೂ ಮಗಳಿದ್ದಾಳಲ್ಲ.’ ಇಷ್ಟು ಹೇಳಿ, ನಿಮಗೆ ಇದು ತಿಳಿಯಬಾರದಿತ್ತು ಎಂದರು.

ಶಹನಾ, ಅವರು ನಿನಗಾಗಿ ಜೈಲಿಗೆ ಹೋದರು. ನಾನು ಅವರ ಮಗಳಿಗೆ ಬಾಗಿಲು ಹಾಕಿದೆ.

ಆ ನಾಚಿಕೆಯಿಂದಲೇ ನಾನು ಮತ್ತೆ ಮತ್ತೆ ಅಲ್ಲಿಗೆ ಹೋದೆ. ಮೊದಮೊದಲು ಅಫೀಫಾಳಿಗೆ ಬಟ್ಟೆ ಹೊಲಿದುಕೊಟ್ಟೆ. ಅವಳು ತೆಗೆದುಕೊಂಡಳು, ಹಾಕಿಕೊಳ್ಳಲಿಲ್ಲ. ಅವಳಿಗೂ ಎಲ್ಲ ನೆನಪಿದೆ. ಇದಿನಬ್ಬ ಹೆಚ್ಚು ಮಾತಿನವರಲ್ಲ. ಝುಬೈದಾಳ ಬಗ್ಗೆ ಅವರು, ಉಪ್ಪನ ಬಗ್ಗೆ ನಾನು, ಒಂದೊಂದು ಮಾತು ಆಡುತ್ತಿದ್ದೆವು. ಈ ದೇಶದಲ್ಲಿ ಅವರಿಬ್ಬರನ್ನೂ ನನ್ನಷ್ಟೇ ಬಲ್ಲವರು ಇದಿನಬ್ಬ ಒಬ್ಬರೇ. ಅದು ಯಾವಾಗ ಪ್ರೀತಿಯಾಯಿತೋ ತಿಳಿಯಲಿಲ್ಲ. ಒಂದು ವಾರ ಅವರ ಫೋನ್ ಬರಲಿಲ್ಲ. ಹೊಲಿಯುತ್ತಿದ್ದ ಅಬಾಯದ ಎರಡು ತೋಳನ್ನೂ ತಿರುಗುಮುರುಗು ಜೋಡಿಸಿದ್ದೆ. ಬಾವ ಮಾಮ ನೋಡಿ ಹೊಲಿಗೆ ಬಿಚ್ಚಿ ಕೊಟ್ಟ. ಆ ದಿನ ನನಗೇ ಗೊತ್ತಾಯಿತು.

ನಿಜ ತಿಳಿದರೆ ನಿನಗೆ ಉಪ್ಪ ಸಣ್ಣವನಾಗಿ ಕಂಡಾನು ಎಂಬ ಹೆದರಿಕೆ ನನಗೆ. ಸಣ್ಣವನಲ್ಲ. ಒಬ್ಬಳು ಸಾಯುತ್ತಿದ್ದಾಗ ಲೈಸೆನ್ಸ್ ಇಲ್ಲ ಎಂದು ಸುಮ್ಮನೆ ನಿಲ್ಲುವ ಮನುಷ್ಯ ಅವನಾಗಿರಲಿಲ್ಲ. ಅಜ್ಜಿ ಪ್ರತಿ ನಮಾಝಿನ ನಂತರ ಇದಿನಬ್ಬರಿಗೆ ಶಾಪ ಹಾಕುತ್ತಾರೆ. ಹಾಕಲಿ. ಈ ವಯಸ್ಸಿನಲ್ಲಿ ಅವರಿಂದ ಅದನ್ನೂ ಕಿತ್ತುಕೊಂಡರೆ ಮಗನನ್ನು ಎರಡನೇ ಸಲ ಹೂತಂತೆ. ನೀನು ಮಾತ್ರ ತಿಳಿದುಕೊಂಡಿರು.

ಪೆರ್ನಾಲ್ ಹಬ್ಬದ ರಜೆಗೆ ಬಾ. ಇದಿನಬ್ಬರ ಮುಖ ನೋಡಿ ಈ ಮದುವೆ ಬೇಡ ಎಂದು ಹೇಳಬೇಕೆನಿಸಿದರೆ ಹೇಳು. ನಿನ್ನ ಉತ್ತರಕ್ಕೆ ಕಾಯುತ್ತೇನೆ.

ಎಂದಿಗೂ ನಿನ್ನವಳೇ ಆದ,
ಉಮ್ಮ
ಜಸೀಲಾ

ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು: ಕಾಯುತ್ತೇನೆ ಎಂದದ್ದು ಸುಳ್ಳು. ಮೊನ್ನೆ ಶುಕ್ರವಾರ ನಿಕಾಹ್ ಆಗಿಹೋಯಿತು. ಬಾವ ಮಾಮನೇ ನಿಂತು ಮಾಡಿಸಿದ. ಒಪ್ಪಿಗೆಯೇ ಎಂದು ಕೇಳಿದಾಗ ಹೂಂ ಎಂದೆ. ನೀನು ಎದುರಿಗಿದ್ದಿದ್ದರೆ ನಾನು ಹೂಂ ಎನ್ನುತ್ತಿರಲಿಲ್ಲ. ಅದು ಗೊತ್ತಿದ್ದೇ ನಿನಗೆ ದಿನ ತಿಳಿಸಲಿಲ್ಲ.